ಶಿಳ್ಳೆ ಹೊಡೆದವರೂ ಸುಮ್ಮನೆ ಕೂತವರೂ

ನಮ್ಮ ಸಿನಿಮಾದ ಬಗ್ಗೆ ಕನ್ನಡಿಗರು ಐವತ್ತು ವರ್ಷಗಳಿಂದ ಒಂದು ಹೆಮ್ಮೆಯ ಮಾತು ಹೇಳಿಕೊಂಡು ಬಂದಿದ್ದೇವೆ. 1972ರಲ್ಲಿ ‘ಬಂಗಾರದ ಮನುಷ್ಯ’ ನೋಡಿ, ಪೇಟೆ ಸೇರಿದ್ದ ಎಷ್ಟೋ ಹುಡುಗರು ಊರಿಗೆ ಮರಳಿ ಬೇಸಾಯಕ್ಕಿಳಿದರು ಎಂಬ ಮಾತು ಅದು. 1992ರ ‘ಜೀವನ ಚೈತ್ರ’ ನೋಡಿದ ಹೆಂಗಸರು ಹಳ್ಳಿಹಳ್ಳಿಯಲ್ಲಿ ಸಾರಾಯಿ ಅಂಗಡಿಯ ಮುಂದೆ ನಿಂತರು ಎಂದೂ ಹೇಳುತ್ತೇವೆ. ರಾಜ್ಯೋತ್ಸವದ ವೇದಿಕೆಯಲ್ಲಿ ಈ ಮಾತು ಬಂದಾಗ ಚಪ್ಪಾಳೆ ಬೀಳುತ್ತದೆ. ಸಭೆಯಲ್ಲಿ ಒಬ್ಬರಾದರೂ ಎದ್ದು ನಿಂತು, ‘ಬಿಡ್ರೀ, ಅದು ಬರೀ ಸಿನಿಮಾ’ ಎಂದದ್ದನ್ನು ಯಾರೂ ಕೇಳಿಲ್ಲ.

ನಮ್ಮ ಸಿನಿಮಾಗಳಲ್ಲೇ ನಾಯಕ ಒಲ್ಲೆನೆಂದ ಹುಡುಗಿಯ ಬೆನ್ನು ಬಿದ್ದಾಗ, ಕೆನ್ನೆಗೆ ಬಾರಿಸಿ ‘ಬುದ್ಧಿ ಕಲಿಸಿದಾಗ’, ಇಂಥದ್ದು ಯಾಕೆ ಎಂದು ಒಬ್ಬ ಹೆಣ್ಣುಮಗಳು ಕೇಳಿದರೆ ಮಾತ್ರ ಉತ್ತರ ತುದಿನಾಲಿಗೆಯಲ್ಲೇ ಇರುತ್ತದೆ: ಸಿನಿಮಾನ ಸಿನಿಮಾ ಥರ ನೋಡಬೇಕಮ್ಮ. ಒಳ್ಳೆಯದನ್ನು ಕಲಿಸುವಾಗ ಸಿನಿಮಾ ಗುರು, ಕೆಟ್ಟದ್ದನ್ನು ಕಲಿಸುವಾಗ ಬರೀ ಮನರಂಜನೆ! ಈ ಎರಡು ನಾಲಿಗೆಯನ್ನು ನಾವು ಬಿಡಬೇಕು. ಬೇಸಾಯಕ್ಕೆ ಕಳಿಸಬಲ್ಲ ಸಿನಿಮಾಕ್ಕೆ ಬೆನ್ನು ಬೀಳಲೂ ಕಳಿಸಬಲ್ಲ ಶಕ್ತಿ ಇದೆ ಎಂದು ಒಪ್ಪಬೇಕು. ಒಪ್ಪಿದ ಮೇಲೆ, ಕತ್ತಲಲ್ಲಿ ಕೂತು ನಾವು ಏನಕ್ಕೆ ನಗುತ್ತಿದ್ದೇವೆ, ಏನಕ್ಕೆ ಸುಮ್ಮನಿದ್ದೇವೆ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು.

ಸೊಕ್ಕಿನ ಹುಡುಗಿಯನ್ನು ಪಳಗಿಸುವ ಕಥೆ ನಮಗೆ ಹೊಸದಲ್ಲ. ಧುತ್ತರಗಿಯವರ ನಾಟಕದಿಂದ ಬಂದ ‘ಸಂಪತ್ತಿಗೆ ಸವಾಲ್’ 1974ರಲ್ಲಿ ತೆರೆ ಕಂಡಿತು. ಅದರಲ್ಲಿ ರಾಜ್‌ಕುಮಾರ್ ಬಡವರ ಪರ ನಿಂತ ಯುವಕ, ಮಂಜುಳಾ ದೊಡ್ಡ ಮನೆಯ ಬಿಂಕದ ಹುಡುಗಿ. ಚಿತ್ರ ಗೆದ್ದದ್ದಕ್ಕೆ ಕಾರಣವಿದೆ. ಜಮೀನುದಾರನ ಮುಂದೆ ತಲೆತಗ್ಗಿಸಿ ಬದುಕಿದ್ದ ಊರುಗಳಿಗೆ ಆ ಸವಾಲು ತಮ್ಮದೇ ಸವಾಲಾಗಿ ಕೇಳಿಸಿತು. ಆದರೆ ಆ ಬಗೆಯ ಕಥೆಗಳು ಬರಬರುತ್ತಾ ಬಡವನ ಸಿಟ್ಟಿಗೆ ಒಂದು ಅಡ್ಡದಾರಿ ತೋರಿಸಿದವು. ಮುರಿಯಬೇಕಿದ್ದದ್ದು ಹಣದ ಸೊಕ್ಕು, ಮುರಿದು ತೋರಿಸಿದ್ದು ಆ ಮನೆಯ ಹೆಣ್ಣಿನ ಸೊಕ್ಕು. ಸಂಪತ್ತು ಇದ್ದಲ್ಲೇ ಇತ್ತು, ಹುಡುಗಿ ಮಾತ್ರ ಕೊನೆಗೆ ಸೆರಗು ಹೊದ್ದು ನಿಂತಳು.

1989ರಲ್ಲಿ ‘ನಂಜುಂಡಿ ಕಲ್ಯಾಣ’ ಬಂತು. ಮಾಲಾಶ್ರೀ ಕನ್ನಡಕ್ಕೆ ಕಾಲಿಟ್ಟದ್ದೇ ಆ ಚಿತ್ರದಿಂದ. ಗಂಡುಬೀರಿ ಹೆಣ್ಣು, ಅವಳನ್ನು ಮಣಿಸುವ ಗಂಡ, ಎಲ್ಲ ಅದೇ ಹಳೆಯ ಎಳೆ. ಆದರೂ ಆ ಚಿತ್ರಕ್ಕೆ ಹೆಂಗಸರು ಮುಗಿಬಿದ್ದರು. ಕಥೆ ಅವರನ್ನೇ ಬಗ್ಗಿಸುತ್ತಿದ್ದರೂ ಯಾಕೆ ಹೋದರು? ಗಂಡಸರು ಆ ಚಿತ್ರದ ಕೊನೆಯನ್ನು ನೋಡಿದರು, ಹೆಂಗಸರು ಅದರ ಮೊದಲರ್ಧವನ್ನು ನೋಡಿದರು ಎಂದು ನನಗೆ ಅನಿಸುತ್ತದೆ. ಮನೆಯಲ್ಲಿ ದನಿ ಎತ್ತಲಾಗದ ಒಬ್ಬ ಸೊಸೆಗೆ, ತೆರೆಯ ಮೇಲೆ ಒಬ್ಬಳು ಗಂಟಲು ಬಿಚ್ಚಿ ಗದರುವುದನ್ನು ನೋಡುವುದೇ ಸುಖವಾಗಿತ್ತು. ಕೊನೆಯಲ್ಲಿ ಬರುವ ಬುದ್ಧಿವಾದವನ್ನು ಆ ಸುಖಕ್ಕೆ ತೆತ್ತ ಸುಂಕ ಎಂದು ಅವರು ಸಹಿಸಿಕೊಂಡರು. ಗಾಂಧಿನಗರದ ಚಿತ್ರೋದ್ಯಮಕ್ಕೂ ಇದು ತಡವಾಗಿ ಅರ್ಥವಾದಂತಿದೆ. ಪಳಗಿಸಿಕೊಂಡ ಅದೇ ಮಾಲಾಶ್ರೀ ಮುಂದೆ ‘ಎಸ್.ಪಿ. ಭಾರ್ಗವಿ’ಯಾಗಿ ಖಾಕಿ ತೊಟ್ಟರು, 2004ರಲ್ಲಿ ‘ದುರ್ಗಿ’ಯಾಗಿ ಅಬ್ಬರಿಸಿದರು. ಹೆಂಗಸರು ಕೇಳುತ್ತಿದ್ದದ್ದು ಏನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹೀಗೆ ಒಂದೇ ಚಿತ್ರಮಂದಿರದಲ್ಲಿ, ಒಂದೇ ಆಟದಲ್ಲಿ, ಗಂಡಸರೂ ಹೆಂಗಸರೂ ಬೇರೆಬೇರೆ ಸಿನಿಮಾ ನೋಡುತ್ತಾರೆ. 2022ರ ‘ಕಾಂತಾರ’ವನ್ನೇ ತೆಗೆದುಕೊಳ್ಳಿ. ಕಾಡಿನ ಮೇಲೆ ಯಾರಿಗೆ ಹಕ್ಕು, ಭೂಮಿ ಯಾರದು, ದೈವದ ಮಾತಿಗೆ ಬೆಲೆ ಏನು ಎಂದು ಅಷ್ಟು ಎಚ್ಚರದಿಂದ ಕೇಳಿದ ಚಿತ್ರ. ಅದರಲ್ಲೂ ನಾಯಕ ಶಿವ, ಅರಣ್ಯ ಇಲಾಖೆಯ ಗಾರ್ಡ್ ಆದ ಲೀಲಾಳ ಸೊಂಟ ಚಿವುಟುತ್ತಾನೆ. ನಾನು ನೋಡಿದ ಆಟದಲ್ಲಿ ಆ ಗಳಿಗೆ ಬಂದಾಗ ಮುಂದಿನ ಸಾಲುಗಳಲ್ಲಿ ಶಿಳ್ಳೆ ಬಿತ್ತು, ಹಿಂದೆ ಕೂತಿದ್ದ ಹುಡುಗಿಯರ ಗುಂಪಿನಲ್ಲಿ ಕಿಸಕ್ಕೆಂದು ಒಂದು ನಗು ಎದ್ದು ಅಲ್ಲೇ ಅಡಗಿತು. ಆಟ ಬಿಟ್ಟ ಮೇಲೆ ಮೆಟ್ಟಿಲಿಳಿಯುವಾಗ ನನ್ನ ಮುಂದಿದ್ದ ದಂಪತಿಯ ಮಾತು ಕಿವಿಗೆ ಬಿತ್ತು.

“ರೀ, ಬಸ್ಸಲ್ಲಿ ಯಾರಾದ್ರೂ ನನ್ನ ಹಂಗೆ ಚಿವುಟಿದ್ರೆ ಏನ್ ಮಾಡ್ತಿದ್ರಿ?”

“ಕೈ ಮುರೀತಿದ್ದೆ.”

“ಮತ್ತೆ ಒಳಗೆ ನಗ್ತಿದ್ರಲ್ಲ?”

“ಏ, ಅದು ಪಿಚ್ಚರ್ ಕಣೇ.”

ಆ ಮನುಷ್ಯ ಕೆಟ್ಟವನಲ್ಲ. ಹೆಂಡತಿಯ ಮೈಮೇಲೆ ಕೈ ಬಿದ್ದರೆ ಅದು ಅಪರಾಧವೆಂದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ತೆರೆಯ ಮೇಲಿನ ಹೆಣ್ಣು ಅವನಿಗೆ ಯಾರ ಹೆಂಡತಿಯೂ ಅಲ್ಲ, ಯಾರ ಮಗಳೂ ಅಲ್ಲ. ನಾಯಕನಿಗೆ ಕೊಟ್ಟ ಬಹುಮಾನ ಅಷ್ಟೆ. ಅವನ ಹೆಂಡತಿಗೆ ಮಾತ್ರ ತೆರೆಯ ಮೇಲಿನ ಆ ಸೊಂಟ ಬೇರೆ ಯಾರದೋ ಆಗಿ ಕಾಣಲಿಲ್ಲ. ಬಸ್ಸಿನಲ್ಲಿ, ಜಾತ್ರೆಯಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ ಆ ಕೈಯನ್ನು ಅವಳು ಬಲ್ಲಳು. ಗಂಡಸಿಗೆ ಅದು ದೃಶ್ಯ, ಹೆಣ್ಣಿಗೆ ಅದು ನೆನಪು.

ಹಾಗಾದರೆ ಹೆಣ್ಣು ಯಾಕೆ ನಗುತ್ತಾಳೆ? ನಗದಿದ್ದರೆ ‘ಇವಳಿಗೆ ತಮಾಷೆಯೇ ಗೊತ್ತಾಗಲ್ಲ’ ಎನ್ನುತ್ತಾರೆ. ಕೆಲವರು ನಗುತ್ತಾರೆ, ಕೆಲವರು ಆ ಹೊತ್ತಿಗೆ ಮೊಬೈಲ್ ನೋಡುತ್ತಾರೆ, ಇನ್ನು ಕೆಲವರು ಪಕ್ಕದಲ್ಲಿ ಕೂತ ಮಗಳಿಗೆ ಪಾಪ್‌ಕಾರ್ನ್ ಬೇಕಾ ಎಂದು ಕೇಳುತ್ತಾರೆ. ಮತ್ತೂ ಕೆಲವರು ‘ಅವಳಿಗೆ ಹಾಗೇ ಆಗ್ಬೇಕು, ಎಂಥಾ ಬಟ್ಟೆ ಹಾಕಿದಾಳೆ ನೋಡು’ ಎಂದು ನಾಯಕನ ಪರ ತೀರ್ಪು ಕೊಡುತ್ತಾರೆ. ಈ ಮಾತನ್ನು ಮುಚ್ಚಿಡಬಾರದು. ಸೀರೆ ಉಟ್ಟವಳು ಒಳ್ಳೆಯವಳು, ಜೀನ್ಸ್ ತೊಟ್ಟವಳು ತಿದ್ದಬೇಕಾದವಳು ಎಂಬ ಪಾಠವನ್ನು ಸಿನಿಮಾ ಗಂಡಸರಿಗೆ ಮಾತ್ರ ಹೇಳಿಕೊಟ್ಟಿಲ್ಲ. ಮನೆಯ ಹೆಣ್ಣುಮಕ್ಕಳಿಗೆ ಅದನ್ನು ಮತ್ತೆ ಒಪ್ಪಿಸುವ ಕೆಲಸವನ್ನು ಅಮ್ಮಂದಿರು, ಅತ್ತೆಯರು, ಅಕ್ಕಂದಿರು ಮಾಡುತ್ತಲೇ ಬಂದಿದ್ದಾರೆ.

ಒಲ್ಲೆನೆಂದ ಹೆಣ್ಣಿನ ಬೆನ್ನು ಬೀಳುವುದು ಈ ನೆಲದಲ್ಲಿ 2013ರಿಂದ ಅಪರಾಧ. ಆಗ ಭಾರತೀಯ ದಂಡ ಸಂಹಿತೆಗೆ ಸೇರಿದ 354ಡಿ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಾಗಿದೆ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. ಕಾನೂನು ಹೀಗೆ ಹೇಳುತ್ತಿರುವಾಗಲೂ ನಮ್ಮ ಎಷ್ಟೋ ನಾಯಕರು ಇಂಟರ್‌ವಲ್‌ವರೆಗೂ ಅದೇ ಅಪರಾಧ ಮಾಡಿ, ಇಂಟರ್‌ವಲ್ ಆದ ಮೇಲೆ ಹುಡುಗಿಯ ಜೊತೆ ಹೊರದೇಶದಲ್ಲಿ ಡ್ಯುಯೆಟ್ ಹಾಡುತ್ತಾರೆ. ಹಿಂದಿಯ ‘ಡರ್’ ಚಿತ್ರದಿಂದ ಬಂದ 2000ದ ‘ಪ್ರೀತ್ಸೇ’ಯಲ್ಲಿ ಕಾಡುವವನು ಕಥೆಯ ಪ್ರಕಾರ ಖಳ. ಆದರೂ ಚಿತ್ರಮಂದಿರದ ಕೇಕೆ ಬಿದ್ದದ್ದು ಅವನಿಗೇ, ಅವನಿಗೆ ಹೆದರಿ ನಡುಗುತ್ತಿದ್ದ ಹೆಣ್ಣಿಗಲ್ಲ. 2015ರ ಆರಂಭದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದ ನ್ಯಾಯಾಲಯದಲ್ಲಿ, ಇಬ್ಬರು ಹೆಂಗಸರನ್ನು ಕಾಡಿದ ಭಾರತೀಯನೊಬ್ಬನ ಪರ ವಕೀಲರು ಮಂಡಿಸಿದ ವಾದ ಕೇಳಿ. ಇವನು ಹಿಂದಿ ಸಿನಿಮಾ ನೋಡುತ್ತಾ ಬೆಳೆದವನು, ಬಿಡದೆ ಬೆನ್ನು ಬಿದ್ದರೆ ಹೆಣ್ಣು ಒಲಿಯುತ್ತಾಳೆಂದು ನಿಜವಾಗಿಯೂ ನಂಬಿದ್ದ! ಅವನು ಜೈಲಿಗೆ ಹೋಗಲಿಲ್ಲ. ಇಲ್ಲಿ ‘ಬರೀ ಸಿನಿಮಾ’ ಎಂದು ನಾವು ತಳ್ಳಿಹಾಕುವ ಮಾತು ಅಲ್ಲಿ ಕೋರ್ಟಿನಲ್ಲಿ ರಕ್ಷಣೆಗೆ ಬಂತು.

ಪ್ರಶ್ನೆ ಕೇಳಿದವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದನ್ನೂ ನೋಡಬೇಕು. ಪಕ್ಕದ ಕೇರಳದಲ್ಲಿ 2017ರ ಫೆಬ್ರವರಿಯಲ್ಲಿ ನಟ ಪೃಥ್ವಿರಾಜ್, ಹಿಂದೆ ಹೆಣ್ಣನ್ನು ಹೀಗಳೆಯುವ ಮಾತುಗಳನ್ನು ತೆರೆಯ ಮೇಲೆ ಆಡಿದ್ದಕ್ಕೆ ಕ್ಷಮೆ ಕೇಳಿ, ಇನ್ನು ತನ್ನ ಚಿತ್ರಗಳಲ್ಲಿ ಅಂಥದ್ದಕ್ಕೆ ಎಡೆ ಕೊಡುವುದಿಲ್ಲ ಎಂದು ಬರೆದರು. ನಾಡು ಅವರನ್ನು ಮೆಚ್ಚಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ತಿರುವನಂತಪುರದ ಚಿತ್ರೋತ್ಸವದಲ್ಲಿ ನಟಿ ಪಾರ್ವತಿ, ಮಮ್ಮೂಟ್ಟಿ ಅಭಿನಯದ ‘ಕಸಬಾ’ ಚಿತ್ರದ ಹೆಸರೆತ್ತಿ ಹೆಚ್ಚುಕಡಿಮೆ ಇದೇ ಮಾತು ಹೇಳಿದರು. ಅವರ ಮೇಲೆ ಜಾಲತಾಣಗಳಲ್ಲಿ ವಾರಗಟ್ಟಲೆ ಹೊಲಸು ಬೈಗುಳ ಸುರಿಯಿತು, ಕೊಲೆ ಮತ್ತು ಅತ್ಯಾಚಾರದ ಬೆದರಿಕೆ ಬಂತು, ಕೊನೆಗೆ ಪೊಲೀಸರು ಬರಬೇಕಾಯಿತು. ಗಂಡು ಆಡಿದರೆ ಆತ್ಮಸಾಕ್ಷಿ, ಹೆಣ್ಣು ಆಡಿದರೆ ಅಧಿಕಪ್ರಸಂಗ! ಕೇರಳದ ಕಥೆ ನಮಗೇಕೆ ಎನ್ನಬೇಡಿ. ಕನ್ನಡದ ನಟಿಯೊಬ್ಬಳು ದೊಡ್ಡ ನಟನ ಚಿತ್ರದ ಬಗ್ಗೆ ನಾಳೆ ಇಷ್ಟೇ ಹೇಳಿದರೆ ಕಮೆಂಟುಗಳು ಹೇಗಿರುತ್ತವೆ ಎಂದು ನಿಮಗೆ ಗೊತ್ತು.

ಅಣ್ಣಂದಿರೇ, ತಮ್ಮಂದಿರೇ, ಸಿನಿಮಾ ಕೊರೆದಿಟ್ಟ ಗಂಡು-ಹೆಣ್ಣಿನ ಈ ಅಚ್ಚು ನಿಮ್ಮನ್ನೂ ಬಿಟ್ಟಿಲ್ಲ. ಅತ್ತರೆ ಗಂಡಸಲ್ಲ, ಹೆಂಡತಿಯ ಮಾತು ಕೇಳಿದರೆ ಅಮ್ಮಾವ್ರ ಗಂಡ, ಹೊಡೆದಾಡದಿದ್ದರೆ ಹೇಡಿ ಎಂದು ನಿಮಗೂ ಅದು ಲೆಕ್ಕ ಹಾಕಿಟ್ಟಿದೆ. ಮೆತ್ತನೆಯ ದನಿಯವನು, ಕೈ ಬಳುಕಿಸಿ ನಡೆಯುವವನು ತೆರೆಯ ಮೇಲೆ ಬಂದರೆ ನಗುವುದಕ್ಕೆಂದೇ ಬರುತ್ತಾನೆ. ಮರುದಿನ ಊರಿನ ಹೈಸ್ಕೂಲಿನಲ್ಲಿ, ದನಿ ಒಡೆಯದ ಒಬ್ಬ ಹುಡುಗನಿಗೆ ಆ ಪಾತ್ರದ ಹೆಸರೇ ಅಡ್ಡಹೆಸರಾಗುತ್ತದೆ, ಹತ್ತನೇ ತರಗತಿ ಮುಗಿಯುವವರೆಗೂ ಅಂಟಿಕೊಳ್ಳುತ್ತದೆ. ಅವನು ತಾನೂ ಗಂಡಸೇ ಎಂದು ತೋರಿಸಲು ಮೊದಲು ಮಾಡುವ ಕೆಲಸ ಯಾವುದು? ಶಾಲೆ ಬಿಟ್ಟ ಹುಡುಗಿಯರ ಹಿಂದೆ ಸೈಕಲ್ ಹೊಡೆದುಕೊಂಡು ಹೋಗುವುದು. ಪ್ರೀತಿ ಮುರಿದರೆ ಅಳುವ ಹಕ್ಕೂ ಇಲ್ಲದವನಿಗೆ ಸಿನಿಮಾ ಬಾಟಲಿ ಹಿಡಿದು ಹುಡುಗಿಯರನ್ನು ಬೈಯುವ ಹಾಡೊಂದನ್ನು ಕೊಟ್ಟಿದೆ. ಆಟೋದಲ್ಲಿ, ಟೆಂಪೋದಲ್ಲಿ, ಗಣಪತಿ ಪೆಂಡಾಲಿನಲ್ಲಿ ಅದೇ ಹಾಡು ಮೊಳಗುತ್ತಿರುತ್ತದೆ. ಇಂಥ ಚಿತ್ರವನ್ನು ಯಾರಾದರೂ ಟೀಕಿಸಿದರೆ ನಿಮಗೆ ನಿಮ್ಮನ್ನೇ ಬೈದಂತೆ ಯಾಕೆ ಆಗುತ್ತದೆ? ಆ ನಾಯಕ ನೀವಲ್ಲ. ಅವನಾಗದ್ದಕ್ಕೆ ನಿಮ್ಮನ್ನು ಅವಮಾನಿಸಿದವನು ಅವನು.

‘ಜನ ಕೇಳೋದೇ ಇದನ್ನ’ ಎಂದು ನಿರ್ಮಾಪಕರು ಹೇಳುತ್ತಾರೆ. ಜನ ಬೇರೆಯದನ್ನೂ ಕೇಳಿದ್ದಾರೆ. 1971ರಲ್ಲಿ ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ‘ಶರಪಂಜರ’ ಮಾಡಿದರು. ಹೆಂಡತಿಗೆ ಹುಚ್ಚಿಯೆಂಬ ಹಣೆಪಟ್ಟಿ, ಬೇರೊಬ್ಬಳ ಸಂಗ ಮಾಡಿದ ಗಂಡನಿಗೆ ಮಾತ್ರ ಎಂದಿನ ಮರ್ಯಾದೆ ಎಂಬುದನ್ನು ಆ ಚಿತ್ರ ಮುಖಕ್ಕೆ ಹಿಡಿದು ತೋರಿಸಿತು. ಕನ್ನಡಿಗರು ಅದನ್ನು ತಲೆಯ ಮೇಲೆ ಹೊತ್ತರು. ಕಲ್ಪನಾ ಮನೆಮಾತಾದರು. 2018ರ ‘ನಾತಿಚರಾಮಿ’ ಗಂಡ ಸತ್ತ ಹೆಣ್ಣಿನ ಆಸೆಯ ಬಗ್ಗೆ ನಾಚಿಕೆಯಿಲ್ಲದೆ ಮಾತಾಡಿ ರಾಷ್ಟ್ರಪ್ರಶಸ್ತಿಗಳನ್ನು ತಂದಿತು. 2019ರ ‘ಗಂಟುಮೂಟೆ’ಯಲ್ಲಿ ರೂಪಾ ರಾವ್ ಹೈಸ್ಕೂಲು ಹುಡುಗಿಯ ಕಣ್ಣಿನಿಂದಲೇ ಪ್ರೀತಿಯನ್ನು ತೋರಿಸಿದರು. ‘ಶಿವಮ್ಮ’ ಚಿತ್ರದಲ್ಲಿ ಕೊಪ್ಪಳದ ಯರೇಹಂಚಿನಾಳದ ನಡುವಯಸ್ಸಿನ ಹೆಂಗಸೊಬ್ಬಳು ಇಡೀ ಚಿತ್ರವನ್ನು ಹೊತ್ತು ನಡೆದಳು, 2022ರಲ್ಲಿ ಬೂಸಾನ್ ಚಿತ್ರೋತ್ಸವದವರೆಗೆ ಹೋಗಿ ಗೆದ್ದು ಬಂದಳು. ಇವು ನಮ್ಮೂರಿನ ಟಾಕೀಸಿಗೆ ಬಂದಾಗ ನಾವು ಎಷ್ಟು ಜನ ಟಿಕೆಟ್ ತೆಗೆದುಕೊಂಡೆವು? ಮೊದಲ ದಿನದ ಮೊದಲ ಆಟಕ್ಕೆ ಹಾಲಿನ ಅಭಿಷೇಕ ಮಾಡುವ ಕೈಗಳು ಆಗ ಎಲ್ಲಿದ್ದವು?

ಸೆನ್ಸಾರ್ ಕತ್ತರಿಗೆ ಕರೆ ಕೊಡುವ ಲೇಖನ ಇದಲ್ಲ. ಹೆಣ್ಣನ್ನು ಕೀಳಾಗಿ ತೋರಿಸಬಾರದೆಂಬ ಮಾತು ಸೆನ್ಸಾರ್ ಮಂಡಳಿಯ 1991ರ ಮಾರ್ಗಸೂಚಿಯಲ್ಲೇ ಇದೆ. ಅದರಿಂದ ಏನೂ ಬದಲಾಗಲಿಲ್ಲ. ನಾಯಕ ಸಿಗರೇಟು ಹಚ್ಚಿದರೆ ತೆರೆಯ ಕೆಳಗೆ ಎಚ್ಚರಿಕೆ ಮೂಡುತ್ತದೆ, ನಾಯಕಿಗೆ ಹೊಡೆದರೆ ಹಿನ್ನೆಲೆ ಸಂಗೀತ ಏರುತ್ತದೆ. ಬದಲಾಗಬೇಕಾದವರು ತೆರೆಯ ಈಚೆ ಕೂತಿರುವ ನಾವು. ಕೆಟ್ಟ ಪಾತ್ರ ಇರಬಾರದು, ಹೊಡೆತ ತೋರಿಸಬಾರದು ಎಂದೂ ನಾನು ಹೇಳುತ್ತಿಲ್ಲ. ಹೊಡೆತವನ್ನು ತೋರಿಸಲಿ, ಅದನ್ನು ಪ್ರೀತಿ ಎಂದು ಕರೆಯದಿರಲಿ.

ಗಂಡಸರಿಗೆ ನನ್ನ ಕೇಳಿಕೆ ಚಿಕ್ಕದು. ಪಕ್ಕದಲ್ಲಿ ಕೂತ ಹೆಂಡತಿ, ತಂಗಿ, ಸ್ನೇಹಿತೆ ಯಾಕೆ ಸುಮ್ಮನಾದಳು ಎಂದು ಆಟ ಬಿಟ್ಟ ಮೇಲೆ ಒಮ್ಮೆ ಕೇಳಿ, ಅವಳು ಉತ್ತರ ಕೊಡುವಾಗ ನಡುವೆ ಬಾಯಿ ಹಾಕಬೇಡಿ. ಗೆಳೆಯರ ಗುಂಪಿನಲ್ಲಿ ಎಲ್ಲರೂ ಶಿಳ್ಳೆ ಹೊಡೆಯುವಾಗ ನೀವೊಬ್ಬರು ಹೊಡೆಯಬೇಡಿ. ಗುಂಪಿನಲ್ಲಿ ಒಬ್ಬ ಹೊಡೆಯದಿದ್ದರೆ ಉಳಿದವರಿಗೆ ಅದು ಗೊತ್ತಾಗುತ್ತದೆ.

ಅಕ್ಕತಂಗಿಯರೇ, ನಗಬೇಕೆನಿಸದಿದ್ದರೆ ನಗಬೇಡಿ. ಮಗಳ ಗಮನವನ್ನು ಬೇರೆಡೆಗೆ ತಿರುಗಿಸುವ ಬದಲು, ‘ಅವನು ಮಾಡಿದ್ದು ತಪ್ಪು’ ಎಂದು ಅಲ್ಲೇ ಹೇಳಿ. ಮಗನಿಗೂ ಹೇಳಿ, ಮುಖ್ಯವಾಗಿ ಮಗನಿಗೇ ಹೇಳಿ. ಇನ್ನೊಬ್ಬಳ ಬಟ್ಟೆಯ ಮೇಲೆ ತೀರ್ಪು ಕೊಡುವುದನ್ನು ಇವತ್ತೇ ನಿಲ್ಲಿಸಿ.

ಬರೆಯುವವರೇ, ನಿರ್ದೇಶಕರೇ, ಇಬ್ಬರು ಹೆಂಗಸರು ಕೂತು ಗಂಡಸಿನ ವಿಷಯ ಬಿಟ್ಟು ಬೇರೇನಾದರೂ ಮಾತಾಡುವ ಒಂದು ದೃಶ್ಯ ನಿಮ್ಮ ಚಿತ್ರದಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲವೆಂದಾದರೆ ಅರ್ಧ ಕರ್ನಾಟಕ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ದೊಡ್ಡ ನಟರೇ, ನಿಮ್ಮ ಒಂದು ‘ಈ ಡೈಲಾಗ್ ನಾನು ಹೇಳಲ್ಲ’ ಎಂಬ ಮಾತು ನೂರು ಲೇಖನಕ್ಕಿಂತ ದೊಡ್ಡದು. ಅದನ್ನು ಹೇಳಿ.

ಟಿಕೆಟ್ ದುಡ್ಡು ನಮ್ಮದು, ನಗು ನಮ್ಮದು, ಶಿಳ್ಳೆಯೂ ನಮ್ಮದು. ಈ ಮೂರನ್ನೂ ಇನ್ನು ಮುಂದೆ ಯೋಚಿಸಿ ಖರ್ಚು ಮಾಡೋಣ.