ದೊಡ್ಡವರಿಗೆ ನಾಣ್ಯದ ಆಸೆ ತೋರಿಸಬೇಡಿ

ಆನ್‌ಲೈನ್ ಕೋರ್ಸ್ ಮಾಡುವವರಲ್ಲಿ ಒಂದು ತಪ್ಪು ಕಲ್ಪನೆ ಇದೆ. ನಲವತ್ತು ದಾಟಿದ ಹೆಂಗಸರು ಕಲಿಯಬೇಕಾದರೆ ಅವರಿಗೂ ನಕ್ಷತ್ರ, ನಾಣ್ಯ, ಬ್ಯಾಡ್ಜ್ ಕೊಡಬೇಕಂತೆ! ಮೀಲಾದ್ ದಿನ ಮದ್ರಸದ ಮಕ್ಕಳಿಗೆ ಬಹುಮಾನ ಕೊಡುವುದು ಚಂದ. ಅದೇ ಆಸೆಯನ್ನು ಅವರ ಉಮ್ಮನಿಗೂ ತೋರಿಸುವುದೇ?

ಗೂಡಲೂರಿನ ನಮ್ಮ ಮನೆಯಲ್ಲೇ ನೋಡಿದ್ದೇನೆ. ಮಂಗಳೂರು ಕಡೆಯಿಂದ ಮದುವೆಯಾಗಿ ಬಂದ ಅತ್ತಿಗೆಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬಾರದು. ರೇಷನ್ ಅಂಗಡಿಯ ನೋಟಿಸಿಗೂ ಮಗನ ಶಾಲೆಯ ಚೀಟಿಗೂ ಇನ್ನೊಬ್ಬರ ಮುಖ ನೋಡಬೇಕು. ಅದಕ್ಕೇ ಮೊಬೈಲಿನಲ್ಲಿ ಒಂದು ಕೋರ್ಸಿಗೆ ಸೇರಿದರು. ದಿನವೂ ತೆರೆದರೆ ಲೆಕ್ಕ ಏರುತ್ತದೆ, ಒಂದು ದಿನ ತಪ್ಪಿದರೆ ಸೊನ್ನೆ. ಜುಲೈ ಮಳೆಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಇಪ್ಪತ್ತಮೂರು ದಿನದ ಲೆಕ್ಕ ಹೋಯಿತು. ಕಲಿತ ಅಕ್ಷರ ತಲೆಯಲ್ಲೇ ಇತ್ತು, ಆದರೂ ಪರದೆಯ ಮೇಲೆ ಅಳುವ ಬೊಂಬೆ. ಅತ್ತಿಗೆ ಕೋರ್ಸ್ ಬಿಟ್ಟರು.

ಇಷ್ಟಕ್ಕೂ ಮಕ್ಕಳ ಮೇಲೂ ಈ ಆಸೆ ತಿರುಗಿ ಬೀಳುವುದುಂಟು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಸಂಶೋಧಕರು ಅಮೆರಿಕದಲ್ಲಿ ಚಿತ್ರ ಬರೆಯಲು ಇಷ್ಟಪಡುವ ಪುಟ್ಟ ಮಕ್ಕಳಿಗೆ ಪ್ರಶಸ್ತಿ ಪತ್ರದ ಮಾತು ಕೊಟ್ಟು ಬರೆಸಿದರು. ಆಮೇಲೆ ಆ ಮಕ್ಕಳು ತಾವಾಗಿ ಚಿತ್ರ ಬರೆಯುವುದೇ ಕಡಿಮೆಯಾಯಿತು.

ಅಂಕವೇ ಬೇಡವೆಂದಲ್ಲ. 2018ರಲ್ಲಿ ಕೇರಳದ ಸಾಕ್ಷರತಾ ಪರೀಕ್ಷೆಯಲ್ಲಿ 96 ವರ್ಷದ ಕಾರ್ತ್ಯಾಯನಿ ಅಮ್ಮ 100ಕ್ಕೆ 98 ಪಡೆದರು. ಅದು ಓದಿ ಬರೆದದ್ದಕ್ಕೆ ಸಿಕ್ಕ ಅಂಕ, ಆಪ್ ತೆರೆದದ್ದಕ್ಕಲ್ಲ.

ಅತ್ತಿಗೆ ನಿಜವಾಗಿ ಮುಗ್ಗರಿಸಿದ್ದು ಬೇರೆ ಕಡೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಟ, ಡಕ್ಕೂ ಒಂದೇ. ನಮ್ಮೂರಿನ ಬಸ್ ಬೋರ್ಡನ್ನು ಅಕ್ಷರ ಕೂಡಿಸಿ ಓದಿದರೆ ‘ಕೂಟಲೂರು’ ಆಗುತ್ತದೆ! ಕನ್ನಡದಿಂದ ಬಂದವರಿಗೆ ಮೊದಲು ಹೇಳಬೇಕಾದ್ದೇ ಇದು. ಆ ಕೋರ್ಸಿನಲ್ಲಿ ಇದರ ಸುದ್ದಿಯೇ ಇರಲಿಲ್ಲ. ನಾಣ್ಯ ಉದುರುವ ಸದ್ದು ಮಾತ್ರ ಇತ್ತು.

ಆಟವೇ ಬೇಕೆಂದರೆ ಬೋರ್ಡುಗಳ ಫೋಟೋ ಹಾಕಿ. ಮಸಿನಗುಡಿಗೆ ಹೋಗುವ ಬಸ್ಸು ಯಾವುದೆಂದು ಕೇಳಿ. ತಪ್ಪಿದರೆ ಏಕೆ ತಪ್ಪಿತೆಂದು ಹೇಳಿ, ಮತ್ತೆ ಕೇಳಿ. ಊಟಿ ಬಸ್ಸಿನ ಮೇಲೆ ‘ಉದಗೈ’ ಎಂದಿರುತ್ತದೆ ಎನ್ನುವುದನ್ನೂ ಮರೆಯದೆ ಕಲಿಸಿ.