ಊರು ಬಿಡೋ ಖುಷಿ ಎಲ್ಲರಿಗೂ ಒಂದೇ ಅಲ್ಲ

ಪಿಯುಸಿ ರಿಸಲ್ಟ್ ಬಂದ ಮೇಲೆ ಎಲ್ಲಿ ನೋಡಿದರೂ ಇದೇ ಮಾತು. ಮನೆ ಬಿಟ್ಟು ಕಾಲೇಜಿಗೆ ಹೋಗೋಕೆ ಯಾಕಿಷ್ಟು ಕಾಯ್ತಿದ್ದೀರಿ ಅಂತ ಕೇಳಿದರೆ ರೀಲ್ಸ್ ಮಾಡೋ ಮಕ್ಕಳು ಹೇಳೋದು: ರಾತ್ರಿ ಎಷ್ಟೊತ್ತಿಗಾದರೂ ಮಲಗಬಹುದು, ಬೈಯೋಕೆ ಅಮ್ಮ ಇರಲ್ಲ, ಫ್ರೆಂಡ್ಸ್ ಜೊತೆ ತಿರುಗಬಹುದು. ತಪ್ಪೇನಿಲ್ಲ, ವಯಸ್ಸೇ ಅಂಥದ್ದು. ನಮ್ಮ ಕೇರಿ ಮಕ್ಕಳಿಗೂ ಈ ಆಸೆಗಳಿವೆ. ಆದರೆ ಅವರ ಮನಸ್ಸಲ್ಲಿ ಇನ್ನೊಂದು ಆಸೆಯೂ ಇದೆ. ಅದನ್ನ ಅವರು ಕ್ಯಾಮೆರಾ ಮುಂದೆ ಹೇಳಲ್ಲ.

ಪ್ರತಿ ವರ್ಷ ಈ ಹೊತ್ತಿಗೆ ನಾವು ಒಂದಷ್ಟು ಗೆಳೆಯರು ಕೇರಿಗಳಿಗೆ ಹೋಗಿ ಹಾಸ್ಟೆಲ್, ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿಕೊಡ್ತೀವಿ. ಆಗ ಮಕ್ಕಳನ್ನ ಸುಮ್ಮನೆ ಮಾತಿಗೆ ಎಳೀತೀನಿ. "ಸಿಟಿಗೆ ಹೋಗಿ ಏನ್ ಮಾಡ್ಬೇಕು ಅಂತಿದ್ದೀಯಪ್ಪ?" ಒಬ್ಬ ಹುಡುಗ ಹೇಳಿದ, "ಅಲ್ಲಿ ಯಾರೂ ನನ್ನ ನೋಡಿ 'ನೀನು ಇಂಥೋನ ಮಗ ಅಲ್ವೇನೋ' ಅನ್ನಲ್ಲ ಕಣಣ್ಣ." ಇನ್ನೊಬ್ಬನಿಗೆ ಹೋಟ್ಲಲ್ಲಿ ಒಳಗಡೆ ಕೂತು ಟೀ ಕುಡೀಬೇಕಂತೆ. ಒಬ್ಬಳು ಹುಡುಗಿ, "ಓದೋಕೆ ಒಂದು ಟೇಬಲ್ಲು, ಒಂದು ಲೈಟು ಇದ್ರೆ ಸಾಕಣ್ಣ" ಅಂದಳು. ಪಕ್ಕದಲ್ಲಿದ್ದ ಅವಳ ಗೆಳತಿ ಮೆಲ್ಲಗೆ ಸೇರಿಸಿದಳು, "ಮೂರು ವರ್ಷ ಮದುವೆ ಮಾತು ಎತ್ತಲ್ಲ."

ಇದನ್ನ ಹೇಳಿದರೆ ಕೆಲವರು, "ಅಂದ್ರೆ ನಿಮ್ಮ ಮಕ್ಕಳಿಗೆ ಕೇರಿ ಅಂದ್ರೆ ನಾಚಿಕೆನಾ?" ಅಂತ ಕೇಳ್ತಾರೆ. ಇಲ್ಲ ಸ್ವಾಮಿ. ಅವ್ವನ ಮುದ್ದೆ ಸಾರು ಬಿಟ್ಟು ಹೋಗುವಾಗ ಅವರ ಕರುಳೂ ಚುರುಕ್ ಅನ್ನುತ್ತೆ. ಅವರಿಗೆ ಸಾಕಾಗಿರೋದು ಹುಟ್ಟಿದ ದಿನದಿಂದ ಊರಿನವರು ಹಚ್ಚಿಟ್ಟಿರೋ ಗುರುತು. ನಾಳೆ ಪರೀಕ್ಷೆ ಇದ್ದರೂ "ಆಳು ಕಮ್ಮಿ ಬಿದ್ದವ್ರೆ, ನಿನ್ ಮಗನ್ನ ಕಳ್ಸು" ಅಂತ ಬರೋ ಕರೆ. ಅಪ್ಪ ಅವ್ವ ಕೂಡ ಮಕ್ಕಳನ್ನ ದೂರ ಕಳಿಸೋಕೆ ಒಪ್ಪೋದು ಇದೇ ಕಾರಣಕ್ಕೆ. ಆ ಕರೆಗೆ ಇಲ್ಲ ಅನ್ನೋಕೆ ತಮಗಾಗಲಿಲ್ಲ, ಮಗನಾದರೂ ಅದು ಕೇಳಿಸದಷ್ಟು ದೂರ ಇರಲಿ ಅಂತ.

ಹಾಗಾದರೆ ಊರು ಬಿಟ್ಟರೆ ಜಾತಿ ಬಿಡುತ್ತಾ?

ಬಾಬಾಸಾಹೇಬರು ಬರೋಡ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ವಿದೇಶದಲ್ಲಿದ್ದ ಆ ವರ್ಷಗಳಲ್ಲಿ ತಾನು ಅಸ್ಪೃಶ್ಯ ಅನ್ನೋದೇ ಮನಸ್ಸಿನಿಂದ ಅಳಿಸಿಹೋಗಿತ್ತು ಅಂತ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದುಕೊಂಡಿದ್ದಾರೆ. ವಾಪಸ್ ಬಂದು 1917ರಲ್ಲಿ ಬರೋಡದಲ್ಲಿ ಕೆಲಸಕ್ಕೆ ಸೇರಿದರೆ, ಇರೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ವಿಷಯ ಗೊತ್ತಾದ ದಿನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದ ಮನುಷ್ಯ ಮುಂಬೈ ರೈಲಿನ ಹೊತ್ತಾಗೋವರೆಗೂ ಪಾರ್ಕಿನಲ್ಲಿ ಕೂತಿರಬೇಕಾಯ್ತು.

ಸುಮಾರು ನೂರು ವರ್ಷ ಆದ ಮೇಲೆ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಸೇರಿ ಐವರು ದಲಿತ ವಿದ್ಯಾರ್ಥಿಗಳನ್ನ ಹಾಸ್ಟೆಲಿನಿಂದ ಹೊರಗೆ ಹಾಕಿದರು. ಅವರು ಕ್ಯಾಂಪಸ್ಸಿನ ಬಯಲಲ್ಲೇ ಟೆಂಟ್ ಹಾಕಿಕೊಂಡು ಅದಕ್ಕೆ 'ವೆಲಿವಾಡ' ಅಂತ ಹೆಸರಿಟ್ಟರು. ಅಂದ್ರೆ ಊರಾಚೆಯ ಕೇರಿ. 2016ರ ಜನವರಿ 17ರಂದು ನಾವು ರೋಹಿತ್‌ನನ್ನ ಕಳಕೊಂಡೆವು.

ಗೆಳೆಯರೇ, ಎರಡೂ ಕಡೆ ಆಗಿದ್ದೇನು ನೋಡಿ. ಬಾಬಾಸಾಹೇಬರ ಡಿಗ್ರಿಯನ್ನ ಯಾರಿಂದಲೂ ಕಿತ್ತುಕೊಳ್ಳೋಕೆ ಆಗಲಿಲ್ಲ. ರೋಹಿತ್ ಮೆರಿಟ್ಟನ್ನೂ ಕಿತ್ತುಕೊಳ್ಳೋಕೆ ಆಗಲಿಲ್ಲ. ಕಿತ್ತುಕೊಂಡಿದ್ದು ಇರೋ ಜಾಗವನ್ನ. ಇವತ್ತಿಗೂ ಬಾಡಿಗೆಗೆ ರೂಮ್ ಕೇಳೋಕೆ ಹೋದರೆ ಮೊದಲು ಬರೋ ಪ್ರಶ್ನೆ "ನೀವು ಯಾವ ಜನ?" ಅದನ್ನ ನೇರವಾಗಿ ಕೇಳೋಕೆ ಮುಜುಗರ ಆದವರು "ನಾನ್‌ವೆಜ್ ಮಾಡ್ತೀರಾ?" ಅಂತಾರೆ. ಹೆಸರು ಮುಚ್ಚಿಟ್ಟು ಹಿಡಿದ ರೂಮು ಯಾವತ್ತಿದ್ದರೂ ಭಯದ ರೂಮೇ.

ಅದಕ್ಕೇ ನಾನು ಹೇಳೋದು, ನಮ್ಮ ಮಕ್ಕಳು ಎದುರು ನೋಡ್ತಿರೋ ಆ ಹೊಸ ಬದುಕು ನಿಂತಿರೋದು ಒಂದು ಹಾಸ್ಟೆಲ್ ಮಂಚದ ಮೇಲೆ. "ಬಿಟ್ಟಿ ಅನ್ನ, ಬಿಟ್ಟಿ ಹಾಸ್ಟೆಲ್" ಅಂತ ಹಂಗಿಸೋರಿಗೆ ಇದು ಅರ್ಥ ಆಗಲ್ಲ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಗಲಾಟೆ ಎದ್ದಾಗ ಏಟು ತಿಂದಿದ್ದು ದಲಿತ ವಿದ್ಯಾರ್ಥಿಗಳು, ಕಲ್ಲು ಬಿದ್ದಿದ್ದು ನಮ್ಮ ಹಾಸ್ಟೆಲ್‌ಗಳ ಮೇಲೆ. ಆ ಏಟಿನಲ್ಲೇ ಹುಡುಗರು ಒಟ್ಟಾದರು. ಅದೇ ದಶಕದಲ್ಲಿ ದಸಂಸ ಹುಟ್ಟಿ ಬೆಳೆಯಿತು. ಒಂದೇ ಸೂರಿನ ಕೆಳಗೆ ಉಂಡು, ಓದಿ, ಜಗಳ ಆಡಿದ ಹುಡುಗರು ಇಲ್ಲದಿದ್ದರೆ ಆ ಚಳವಳಿ ಆಗ್ತಿತ್ತಾ?

ಆದ್ದರಿಂದ ನಮ್ಮ ಬೇಡಿಕೆ ಸರಳ. ತರಗತಿ ಶುರುವಾಗೋ ಮೊದಲೇ ಹಾಸ್ಟೆಲ್ ಲಿಸ್ಟ್ ಬರಬೇಕು. ಲಿಸ್ಟ್ ಎರಡು ತಿಂಗಳು ತಡವಾದರೆ ಆ ಎರಡು ತಿಂಗಳು ಮಗು ಎಲ್ಲಿರಬೇಕು? ಹುಡುಗ ನಂಟರ ಮನೆ ಜಗುಲಿಯಲ್ಲಿ ಮಲಗ್ತಾನೆ, ಇಲ್ಲಾ ಗಾರೆ ಕೆಲಸಕ್ಕೆ ವಾಪಸ್ ಹೋಗ್ತಾನೆ. ಹುಡುಗಿಗಾದರೆ ಅಷ್ಟರಲ್ಲಿ ಗಂಡು ನೋಡಿರ್ತಾರೆ. ಆಮೇಲೆ ಸೀಟು ಸಿಕ್ಕಿ ಏನುಪಯೋಗ? ಇನ್ನು ಕಾಲೇಜುಗಳ ವಿಷಯ. ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯದ ದೂರು ಕೇಳೋಕೆ ಒಬ್ಬ ಅಧಿಕಾರಿ ಇರಬೇಕು ಅಂತ ಯುಜಿಸಿ 2012ರಲ್ಲೇ ನಿಯಮ ಮಾಡಿತ್ತು. ನಿಮ್ಮ ಕಾಲೇಜಿನಲ್ಲಿ ಆ ಅಧಿಕಾರಿ ಯಾರು ಅಂತ ಹೋಗಿ ಕೇಳಿ. ಹೆಸರು ಗೊತ್ತಿಲ್ಲ ಅಂದ್ರೆ ಬರವಣಿಗೆಯಲ್ಲಿ ಕೇಳಿ.

ಸರ್ಕಾರವನ್ನ ಕೇಳೋಣ, ಜೊತೆಗೆ ನಮ್ಮ ಕೈಲಾಗೋದನ್ನೂ ಮಾಡೋಣ. ಸಿಟಿಯಲ್ಲಿ ಕೆಲಸಕ್ಕಿರೋ ಅಣ್ಣಂದಿರು, ಅಕ್ಕಂದಿರು, ಲಿಸ್ಟ್ ಬರೋವರೆಗೆ ಒಂದು ಮಗುವಿಗೆ ನಿಮ್ಮ ಮನೆಯಲ್ಲಿ ಜಾಗ ಕೊಡಿ. ಮೊದಲ ದಿನ ಕಾಲೇಜಿಗೆ ಜೊತೆಗೆ ಹೋಗಿ, ಆಫೀಸು ಲೈಬ್ರರಿ ತೋರಿಸಿ. ಹಾಗೇ ಒಂದು ಹೋಟೆಲಿನ ಒಳಗೆ ಕೂರಿಸಿ ಟೀ ಕುಡಿಸಿ. ಜಾತಿ, ಆದಾಯ ಸರ್ಟಿಫಿಕೇಟ್ ಇನ್ನೂ ಮಾಡಿಸದ ಮಕ್ಕಳು ಇವತ್ತೇ ನಾಡಕಚೇರಿಗೆ ಹೋಗಿ, ನಾಳೆ ಅನ್ನಬೇಡಿ.

ಯಾವ ಊರಲ್ಲಿ ಯಾರು ಎಷ್ಟು ಮಕ್ಕಳಿಗೆ ಜಾಗ ಕೊಡಬಹುದು, ಕಾಮೆಂಟಿನಲ್ಲಿ ಊರಿನ ಹೆಸರು ಹಾಕಿ. ನಾನೇ ಮೆಸೇಜ್ ಮಾಡ್ತೀನಿ.

ಜೈ ಭೀಮ್.