ಬಚ್ಚಲಿನಿಂದ ಕೂಡಲಿಯವರೆಗೆ

ಮುಂಗಾರು ಹತ್ತಿರವಾಗುತ್ತಿದ್ದಂತೆ ಮಲೆನಾಡಿನ ಮನೆಗಳಲ್ಲಿ ಹೆಂಚು ಕೈಯಾಡಿಸುವ, ಒಣಸೌದೆ ಒಳಗಿಡುವ, ತೋಟದ ಬಸಿಗಾಲುವೆ ಎತ್ತಿಸುವ ಕೆಲಸಗಳು ಯಾರೂ ಹೇಳದೆಯೇ ಆರಂಭವಾಗುತ್ತವೆ. ಬಸಿಗಾಲುವೆ ಕಟ್ಟಿಕೊಂಡರೆ ಅಡಿಕೆ ಮರದ ಬೇರು ಕೊಳೆಯುತ್ತದೆಂಬುದನ್ನು ತಿಳಿಯದ ಕೃಷಿಕನಿಲ್ಲ. ಅದೇ ಕೃಷಿಕ ಮಕ್ಕಳ ಓದಿಗೆಂದು ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಮನೆ ಕಟ್ಟಿಸಿದಾಗ ಮಾತ್ರ ಅಂಗಳದ ಚೇಂಬರಿನ ಮುಚ್ಚಳವನ್ನು ವರ್ಷಗಟ್ಟಲೆ ತೆರೆದು ನೋಡುವುದಿಲ್ಲ. ಕೆಲವರಂತೂ ಅಂದ ಕೆಡುತ್ತದೆಂದು ಅದರ ಮೇಲೆಯೇ ಟೈಲ್ಸ್ ಹಾಸಿಬಿಡುತ್ತಾರೆ.

ತುಂಗೆ ಶಿವಮೊಗ್ಗವನ್ನು ಹಾದು, ಭದ್ರೆ ಭದ್ರಾವತಿಯನ್ನು ಹಾದು, ಕೂಡಲಿಯಲ್ಲಿ ಒಂದಾಗುತ್ತವೆ. ಈ ಎರಡು ನದಿಗಳ ಮಾಲಿನ್ಯದ ಮಾತು ಬಂದಾಗಲೆಲ್ಲ ಬೆರಳು ಕಾರ್ಖಾನೆಗಳತ್ತ ಹೋಗುವುದು ರೂಢಿ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಆ ಬೆರಳು ಅನ್ಯಾಯದ್ದೇನೂ ಆಗಿರಲಿಲ್ಲ. ಆದರೆ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ ಕಲುಷಿತ ನದಿಪಾತ್ರಗಳಲ್ಲಿ ಕರ್ನಾಟಕದವು 17. ತುಂಗಾ, ಭದ್ರಾ, ತುಂಗಭದ್ರಾ ಮೂರೂ ಆ ಪಟ್ಟಿಯಲ್ಲಿದ್ದವು. ದೊಡ್ಡ ಕಾರ್ಖಾನೆಗಳಿಲ್ಲದ ತುಂಗೆಯ ಹೆಸರು ಅಲ್ಲಿಗೆ ಹೇಗೆ ಸೇರಿತೆಂದು ಕೇಳಿಕೊಂಡರೆ ಉತ್ತರ ಪಟ್ಟಣದ ಮನೆಗಳ ಬಚ್ಚಲಿಗೇ ಬಂದು ನಿಲ್ಲುತ್ತದೆ. ‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತನ್ನು ಹೆಮ್ಮೆಯಿಂದ ಉಚ್ಚರಿಸುವ ಜನ ಪಾನದ ನೀರಿಗೆ ತಾವೇನು ಕೂಡಿಸುತ್ತಿದ್ದೇವೆಂದು ಯೋಚಿಸುವುದು ಕಡಿಮೆ.

ಒಳಚರಂಡಿ ಉಕ್ಕುವುದು ಬಹುಮಟ್ಟಿಗೆ ಮಳೆಗಾಲದಲ್ಲಿ. ಅದಕ್ಕೆ ಸರಳವಾದ ಲೆಕ್ಕವೊಂದಿದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಂತೆ ನೀರು ಬಳಸುವ ಐದು ಜನರ ಕುಟುಂಬದಿಂದ, ಅದರ ಶೇ. 80ರಷ್ಟು ಎಂದರೆ ಸುಮಾರು 540 ಲೀಟರ್ ಕೊಳಚೆ ನೀರು ದಿನವಿಡೀ ಹೊರಬೀಳುತ್ತದೆ. ಸಾವಿರ ಚದರಡಿಯ ತಾರಸಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಸುರಿದರೆ ಕೂಡುವ ನೀರು ಸುಮಾರು 930 ಲೀಟರ್. ಆಷಾಢದ ಒಂದು ಜಡಿಮಳೆಗೆ ಅಷ್ಟು ಸುರಿಸಲು ಹೆಚ್ಚು ಹೊತ್ತು ಬೇಡ. ತಾರಸಿಯ ಕೊಳವೆಯನ್ನು ಒಳಚರಂಡಿಗೆ ಜೋಡಿಸಿದ ಮನೆಯೊಂದು, ತನ್ನ ಒಂದೂಮುಕ್ಕಾಲು ದಿನದ ಕೊಳಚೆಗೆ ಸಮನಾದ ನೀರನ್ನು ಗಂಟೆಯೊಳಗೆ ಬೀದಿಯ ಕೊಳವೆಗೆ ನೂಕುತ್ತದೆ. ಬೀದಿಗೆ ಬೀದಿಯೇ ಹಾಗೆ ಮಾಡಿದರೆ ತಗ್ಗಿನ ಬಡಾವಣೆಯ ಮ್ಯಾನ್‌ಹೋಲ್ ಬಾಯಿ ಬಿಡುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದಾಗ ದೋಷವೆಲ್ಲ ಮನೆಯ ಕೊಳವೆಗಳದಾಗಿರಲಿಲ್ಲ, ನಿಜ. ಆದರೆ ಸಾಧಾರಣ ಮಳೆಗೂ ಕೊಳಚೆ ಮೇಲೇಳುವ ಬೀದಿಗಳಲ್ಲಿ ನದಿಯನ್ನು ದೂರುವಂತಿಲ್ಲ. ತಾರಸಿಯ ನೀರಿಗೆ ಇಂಗುಗುಂಡಿ ಅಥವಾ ತೆರೆದ ಮಳೆನೀರು ಚರಂಡಿಯೇ ದಾರಿ.

ಇನ್ನು ಕಟ್ಟಿಕೊಳ್ಳುವ ಸಂಗತಿ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾಗಿಯಲ್ಲಿ ಶೀಶೆಯೊಳಗೆ ಅದು ಗಟ್ಟಿಯಾಗುವುದನ್ನು ಕಾಣದ ಮನೆಯಿಲ್ಲ. ನೆಲದಡಿಯ ಕೊಳವೆಯಲ್ಲಿ ನಡೆಯುವುದೂ ಅದೇ. ಕರಿದ ಬಾಣಲೆಯ ಜಿಡ್ಡು, ಗಂಜಿಯ ಅಂಟು, ತಲೆಗೂದಲು, ಪಾತ್ರೆ ತಿಕ್ಕಿದ ತೆಂಗಿನ ನಾರು ಒಂದರ ಮೇಲೊಂದು ಕೂತು ನಾಲ್ಕಂಗುಲದ ಕೊಳವೆ ಎರಡಂಗುಲದ್ದಾಗುತ್ತದೆ. ಹಂಡೆಯ ಬಿಸಿನೀರು ಸುರಿದರೆ ಸರಿಹೋಗುತ್ತದೆಂಬ ನಂಬಿಕೆಯಿದೆ. ಬಿಸಿನೀರು ಜಿಡ್ಡನ್ನು ಕರಗಿಸಿ ಇನ್ನಷ್ಟು ದೂರ ಒಯ್ದು ಅಲ್ಲಿ ಹೆಪ್ಪುಗಟ್ಟಿಸುತ್ತದೆ, ಅಷ್ಟೆ. ಬಾಣಲೆಯನ್ನು ಹಳೆಯ ಕಾಗದದಿಂದ ಒರೆಸಿ ತೊಳೆಯುವುದು, ಸಿಂಕಿಗೂ ಬಚ್ಚಲಿಗೂ ಜಾಲರಿ ಹಾಕುವುದು, ಪ್ಯಾಡು, ಬಟ್ಟೆ, ಪ್ಲಾಸ್ಟಿಕ್‌ಗಳನ್ನು ಶೌಚದ ಗುಂಡಿಗೆ ಎಸೆಯದಿರುವುದು ಖರ್ಚಿಲ್ಲದ ಕೆಲಸಗಳು. ನಾಲ್ಕಂಗುಲದ ಕೊಳವೆಗೆ ನಲವತ್ತು ಅಡಿಗೆ ಒಂದಡಿಯಷ್ಟು ಇಳಿಜಾರು ಬೇಕು. ತಿರುವಿದ್ದೆಡೆಯೆಲ್ಲ ತೆರೆಯಬಲ್ಲ ಚೇಂಬರ್ ಇರಬೇಕು. ಹಳೆಯ ಜೇಡಿಕೊಳವೆಗಳ ಕೀಲುಗಳೊಳಗೆ ಮರದ ಬೇರುಗಳು ನೀರು ಹುಡುಕಿಕೊಂಡು ಬರುತ್ತವೆ. ಆಲ, ಅತ್ತಿಗಳನ್ನು ಕೊಳವೆಯ ದಾರಿಯಿಂದ ದೂರವಿಡುವುದು ಲೇಸು. ರಜೆಗೆ ಊರಿಗೆ ಹೊರಡುವ ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳಲ್ಲಿ ಟ್ರಾಪಿನ ನೀರು ಆರಿಹೋಗಿ ದುರ್ವಾಸನೆಯೂ ಜಿರಲೆಯೂ ಒಳಬರುತ್ತವೆ. ಮರಳಿದ ದಿನ ಒಂದು ಬಕೆಟ್ ನೀರು ಹೊಯ್ದರೆ ಸಾಕು.

ಇಷ್ಟನ್ನೂ ಮಾಡದ ಮನೆ ಕೊನೆಗೆ ಹುಡುಕುವುದು ಒಬ್ಬ ಮನುಷ್ಯನನ್ನು. ಈ ಮಾತನ್ನು ನುಂಗಿಕೊಂಡು ಚರಂಡಿಯ ಬಗ್ಗೆ ಬರೆಯುವುದು ಸಾಧ್ಯವಿಲ್ಲ. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. 2013ರ ಕೇಂದ್ರ ಕಾಯ್ದೆ, ರಕ್ಷಣೆಯಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೂ ಸೆಪ್ಟಿಕ್ ಟ್ಯಾಂಕಿಗೂ ಇಳಿಸುವುದನ್ನು ಅಪರಾಧವೆಂದಿತು. ಇಳಿಸುವವರು ನಗರಸಭೆಯೇ ಆಗಿರಲಿ, ಮನೆಯ ಯಜಮಾನನೇ ಆಗಿರಲಿ, ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆಮನೆ ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿನ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಕೊಳೆತ ಮಲದಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಮೂಗಿನ ವಾಸನೆಯ ಶಕ್ತಿಯನ್ನೇ ಅಡಗಿಸುತ್ತದೆ. ಇಳಿದವನಿಗೆ ಅಪಾಯ ತಿಳಿಯುವುದರೊಳಗೆ ಪ್ರಜ್ಞೆ ತಪ್ಪಿರುತ್ತದೆ. ಅವನನ್ನು ಎತ್ತಲು ಇಳಿದವನದೂ ಅದೇ ಗತಿ. ಸಕ್ಕಿಂಗ್ ಯಂತ್ರ ಬರುವ ತನಕ ಎರಡು ದಿನ ಕಾಯುವುದು ಮನೆಯವರಿಗೆ ಕಷ್ಟವೆನಿಸಬಹುದು, ಕಾಯಲೇಬೇಕು.

ಹಳ್ಳಿಗಳವರು ಇದು ಪೇಟೆಯ ಪಾಡೆಂದು ಪುಟ ಮಗುಚುವಂತಿಲ್ಲ. ಬಚ್ಚಲ ನೀರು ಬಾಳೆಯ ಬುಡಕ್ಕೋ ಕೆಸುವಿನ ಮಡಿಗೋ ಹರಿಯುತ್ತಿದ್ದ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಆ ಏರ್ಪಾಡು ಇಂದಿಗೂ ಒಳ್ಳೆಯದೇ. ಈಗ ಮನೆಮನೆಗೂ ಶೌಚಾಲಯ ಬಂದಿದೆ, ಸೆಪ್ಟಿಕ್ ಟ್ಯಾಂಕ್ ಬಂದಿದೆ. ಎರಡು ಮೂರು ವರ್ಷಕ್ಕೊಮ್ಮೆ ಅದರ ಕೆಸರು ತೆಗೆಸಬೇಕು. ‘ನಮ್ಮ ಟ್ಯಾಂಕ್ ಹದಿನೈದು ವರ್ಷದಿಂದ ತುಂಬಿಯೇ ಇಲ್ಲ’ ಎಂದು ಬೀಗುವವರ ತಳದಲ್ಲಿ ಬಿರುಕಿರುವ ಸಂಭವವೇ ಹೆಚ್ಚು. ಜಂಬಿಟ್ಟಿಗೆಯ ನೆಲ ತೂತುತೂತಾದುದು, ಮಳೆಗಾಲದಲ್ಲಿ ಅಂತರ್ಜಲ ಮೇಲಕ್ಕೇರುತ್ತದೆ, ಬಾವಿ ಸಾಮಾನ್ಯವಾಗಿ ಇಳಿಜಾರಿನ ಕೆಳಗಿರುತ್ತದೆ. ಫಿನಾಯಿಲು, ಆಸಿಡ್ಡುಗಳನ್ನು ಧಾರಾಳವಾಗಿ ಸುರಿದರೆ ಮಲವನ್ನು ಅರಗಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ.

ಆಡಳಿತದ ಪಾಲಿನ ಹೊಣೆ ಇದರಿಂದ ಕಿಂಚಿತ್ತೂ ತಗ್ಗುವುದಿಲ್ಲ. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಗಿ ತುಂಗೆಯ ದಂಡೆಗೆ ನಡೆದಾಡುವ ಹಾದಿ ಬಂತು. ಆ ಹಾದಿಯಲ್ಲಿ ನಿಂತು ನೋಡಿದವರು ನದಿಗೆ ಸೇರುವ ಪ್ರತಿ ತೋಡಿನ ಬಣ್ಣವನ್ನು ಬರೆದಿಟ್ಟು ಪಾಲಿಕೆಯನ್ನು ಪ್ರಶ್ನಿಸಬೇಕು. ಕಾಲೇಜುಗಳ ಎನ್‌ಎಸ್‌ಎಸ್ ಶಿಬಿರಗಳಿಗೆ ಇದಕ್ಕಿಂತ ಯೋಗ್ಯವಾದ ಕೆಲಸ ಸಿಗುವುದು ಕಷ್ಟ. ಹಾಗೆಯೇ ತಾವಿರುವ ಮನೆಯ ತಾರಸಿಯ ಕೊಳವೆ ಎಲ್ಲಿ ಕೊನೆಗೊಳ್ಳುತ್ತದೆಂದು ವಿದ್ಯಾರ್ಥಿಗಳು ಹುಡುಕಿ ನೋಡಬಹುದು. ರೋಹಿಣಿ ಮಳೆ ಹಿಡಿಯುವ ಮುನ್ನ ಒಂದು ಬೆಳಿಗ್ಗೆ ಸಾಕು: ಅಂಗಳದ ಮುಚ್ಚಳ ಎತ್ತಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಮೇಲಿನಿಂದಲೇ ಇಣುಕಿ, ಒಳಗೊಂದು ಬಕೆಟ್ ನೀರು ಹರಿಸಿದರೆ ಅದು ಸರಾಗವಾಗಿ ಹೋಗುತ್ತದೋ ನಿಲ್ಲುತ್ತದೋ ಕಣ್ಣಿಗೇ ಕಾಣುತ್ತದೆ.